ವೈಂಡಿಂಗ್ ಅಣ್ಣ ಹೇಳಿ ಬರೆಸಿದ ಪುಟ

ವೈಂಡಿಂಗ್ ಅಣ್ಣ ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಿದ್ದರು. ಪೀಣ್ಯದ ನಮ್ಮ ಪುಟ್ಟ ಕಾರ್ಖಾನೆಗೆ ಹೊಸದಾಗಿ ಸೇರಿದವರು ಮೊದಲ ದಿನದ ಊಟಕ್ಕೇ ಅದನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕೆ. ಮಾಕಳಿಯ ರೈತರ ಮನೆಯಲ್ಲಿ ಹುಟ್ಟಿ ಅರವತ್ತು ವರ್ಷ ಮುದ್ದೆಯನ್ನೇ ಉಂಡ ಮನುಷ್ಯ, ಸ್ಟೀಲ್ ಡಬ್ಬಿಯೊಳಗೆ ಚಮಚ ಇಳಿಸಿ, ಐಸ್‌ಕ್ರೀಮ್ ಕೆತ್ತಿದ ಹಾಗೆ ಒಂದು ಚೂರು ಕೆತ್ತಿ, ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು.

“ಚಮಚದಲ್ಲಿ ಮುದ್ದೆ ತಿನ್ನೋ ಗಂಡಿಗೆ ನಮ್ ಕಡೆ ಹೆಣ್ಣು ಕೊಡಲ್ಲ ಕಣಣ್ಣ” ಎಂದು ಪ್ಯಾಕಿಂಗ್ ಮಾಡುವ ಜಯಕ್ಕ ಛೇಡಿಸುತ್ತಿದ್ದರು.

“ಕೊಟ್ಟಾಗೈತಲ್ಲವ್ವ, ಮೂವತ್ತೈದು ವರ್ಸ ಆಯ್ತು. ಈಗ ವಾಪಸ್ ಕರ್ಕೊಂಡೋಯ್ತಾರಾ ಕೇಳು, ನಮ್ ಮಾವನ ಮನೆ ನಂಬರ್ ಕೊಡ್ತೀನಿ.”

ಚಮಚದ ಕಾರಣ ನನಗೆ ಗೊತ್ತಾಗಿದ್ದು ಒಂದು ವಾರದ ಮೇಲೆ. ಅವರ ಕೆಲಸ ವೈಂಡಿಂಗ್, ಅಂದರೆ ತಲೆಗೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸುತ್ತುವುದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆರಳುದ್ದದ ಒಂದು ಭಾಗ ಇರುತ್ತದೆ, ಪಿಕಪ್ ಅನ್ನುತ್ತಾರೆ. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಂತಿ. ಗಿಟಾರಿನ ತಂತಿ ನಡುಗಿದ್ದನ್ನು ಕೇಳಿಸಿಕೊಳ್ಳುವುದು ಅದೇ. ಸುತ್ತುವುದಕ್ಕೆ ಯಂತ್ರವಿದೆ, ಆದರೆ ತಂತಿಯನ್ನು ಹದವಾಗಿ ಹಿಡಿದು ಬಿಡಬೇಕಾದ್ದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು. ಬಿಗಿ ಹಿಡಿದರೆ ಹರಿಯುತ್ತದೆ. ಸಡಿಲ ಬಿಟ್ಟರೆ ಪಿಕಪ್ಪು ಆಮೇಲೆ ಕೀಚಲು ದನಿಯಲ್ಲಿ ಕೂಗುತ್ತದೆ. ಕೈಯಲ್ಲಿ ಊಟ ಮಾಡಿದರೆ ಎಷ್ಟು ತೊಳೆದರೂ ಉಪ್ಪು ಬೆರಳಿನಲ್ಲಿ ಉಳಿಯುತ್ತದೆ, ಉಪ್ಪು ತಾಗಿದ ತಂತಿ ವರ್ಷದೊಳಗೆ ಹಸಿರು ಹಿಡಿಯುತ್ತದೆ ಎಂಬುದು ಅವರ ವಾದ. ಅದಕ್ಕೇ ಕೆಲಸದ ದಿನ ಚಮಚ. ಬೆಳಿಗ್ಗೆ ಬಂದ ಕೂಡಲೇ ಆ ಎರಡು ಬೆರಳಿನ ತುದಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆಯ ಚೂರಿನಲ್ಲಿ ಒರೆಸಿಕೊಂಡು, ಆಮೇಲೆ ಕೂರುತ್ತಿದ್ದರು.

ಅವರಿಗೆ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಇಲ್ಲಿ ಬರೆಯುವುದಿಲ್ಲ. ಬರೆದರೆ “ನನ್ ಹೆಸ್ರು ಯಾಕ್ ಬೇಕಿತ್ತು, ಕೆಲ್ಸ ಬರಿ ಅಂದ್ರೆ” ಎನ್ನುತ್ತಾರೆ.

ನಾನು ಎಂಜಿನಿಯರಿಂಗ್ ಓದಿ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಆರು ವರ್ಷ ಸಾಫ್ಟ್‌ವೇರ್ ಬಳಸುವವರಿಗಾಗಿ ಸಹಾಯದ ಪುಟಗಳನ್ನು ಬರೆದವಳು. ಆ ಕೆಲಸ ಹೋದ ಮೇಲೆ ಇಲ್ಲಿಗೆ ಬಂದೆ. ಇಲ್ಲಿ ತಯಾರಾಗುವುದು ಗಿಟಾರ್ ಅಲ್ಲ, ಗಿಟಾರಿನ ಕಿಟ್. ಮರದ ಮೈ, ಕತ್ತು, ಪಿಕಪ್ಪು, ಸ್ಕ್ರೂ, ವೈರು, ತಂತಿ ಎಲ್ಲವನ್ನೂ ಒಂದು ಡಬ್ಬಿಯಲ್ಲಿಟ್ಟು ಕಳಿಸುತ್ತೇವೆ. ಕೊಂಡವರು ಮನೆಯಲ್ಲಿ ತಾವೇ ಕಟ್ಟಿಕೊಳ್ಳಬೇಕು. ಕಟ್ಟುವುದು ಹೇಗೆ ಎಂಬ ಕೈಪಿಡಿ ಬರೆಯುವುದು ನನ್ನ ಕೆಲಸ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಮಾಲೀಕರು ಮೊದಲ ದಿನವೇ ಷರತ್ತು ಹಾಕಿದ್ದರು: “ಹನ್ನೆರಡು ಪುಟ. ಹದಿಮೂರಾದ್ರೆ ಯಾರೂ ಓದಲ್ಲ.” ಅವರು ಒಳ್ಳೆಯವರು, ತಾವೂ ಗಿಟಾರ್ ಬಾರಿಸುತ್ತಿದ್ದರು. ಎಲ್ಲರೂ ಸಾರ್ ಅನ್ನುತ್ತಿದ್ದೆವು.

ಮೊದಲ ಕರಡನ್ನು ನಾನು ನಾಲ್ಕೇ ದಿನದಲ್ಲಿ ಮುಗಿಸಿದೆ. ಸಾರ್ ಅದನ್ನು ವೈಂಡಿಂಗ್ ಅಣ್ಣನ ಕೈಗೆ ಕೊಟ್ಟು, “ತಪ್ಪಿದ್ರೆ ಹೇಳಿ ಅಣ್ಣ” ಎಂದರು. ಪೀಣ್ಯದಲ್ಲೇ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ವೈಂಡಿಂಗ್ ಮಾಡಿ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು ಅವರು. ದಾರದಿಂದ ಕಿವಿಗೆ ಕಟ್ಟಿದ ಕನ್ನಡಕ ಇಳಿಸಿಕೊಂಡು, ತುಟಿ ಆಡಿಸುತ್ತ, ಹನ್ನೆರಡೂ ಪುಟ ಓದಿದರು. ಆಮೇಲೆ ನನ್ನ ಮೇಜಿಗೆ ಬಂದರು.

“ಮೇಡಮ್ಮೋರೆ, ಸ್ಕ್ರೂ ಬಿಗಿಯಾಗಿ ತಿರುಗಿಸಿ ಅಂತ ಬರ್ದಿದ್ದೀರ. ಬಿಗಿ ಅಂದ್ರೆ ಎಷ್ಟು ಬಿಗಿ?”

“ಬಿಗಿ ಅಂದ್ರೆ ಬಿಗಿ ಅಣ್ಣ. ಗೊತ್ತಾಗುತ್ತಲ್ಲ.”

“ಯಾರಿಗೆ?”

ನನಗೆ ಸ್ವಲ್ಪ ಸಿಟ್ಟು ಬಂತು. ಅವರು ಅದನ್ನು ಗಮನಿಸಿದರೂ ಬಿಡಲಿಲ್ಲ. ಹೋಗಿ ಜಯಕ್ಕನನ್ನು ಕರೆತಂದರು. ಜಯಕ್ಕ ಲಗ್ಗೆರೆಯವರು, ಏಳನೇ ತರಗತಿವರೆಗೆ ಓದಿದವರು, ದಿನಕ್ಕೆ ಇಷ್ಟೊಂದು ಡಬ್ಬಿ ಕಟ್ಟಿದರೂ ಒಂದು ಪೂರ್ತಿ ಗಿಟಾರನ್ನು ಕೈಯಲ್ಲಿ ಹಿಡಿದವರಲ್ಲ. ಅಣ್ಣ ಅವರ ಮುಂದೆ ಒಂದು ಕಿಟ್ ಇಟ್ಟು, ನನ್ನ ಕರಡು ಇಟ್ಟು, “ಇದ್ರಲ್ಲಿ ಏನೈತೋ ಅಷ್ಟೇ ಮಾಡ್ಬೇಕು. ಜಾಸ್ತಿ ಮಾಡ್ಬಾರ್ದು, ಕಮ್ಮಿನೂ ಮಾಡ್ಬಾರ್ದು” ಎಂದರು. ನನಗೆ ಹೇಳಿದ್ದು ಬೇರೆ: “ನಾವಿಬ್ರೂ ಬಾಯ್ ಬಿಡಂಗಿಲ್ಲ. ಓದೋರು ಅವ್ರ ಮನೇಲಿ ಒಬ್ರೇ ಇರ್ತಾರೆ. ಪಕ್ಕದಲ್ಲಿ ನೀವಿರಲ್ಲ, ನಾನಿರಲ್ಲ.”

ಜಯಕ್ಕ ಓದಿದರು, ಕತ್ತಿನ ಸ್ಕ್ರೂ ಇಟ್ಟರು, ಬಿಗಿಯಾಗಿ ತಿರುಗಿಸಿದರು. ಡಬ್ಬಿ ಕಟ್ಟಿ ಕಟ್ಟಿ ಗಟ್ಟಿಯಾದ ಕೈ. ಟಪ್ ಎಂದು ಮರ ಸೀಳಿತು.

“ಅಯ್ಯೋ! ಬಿಗಿ ಅಂತ ಇತ್ತಲ್ಲ ಮೇಡಂ!”

“ನಿಂದೇನ್ ತಪ್ಪಿಲ್ಲ ಜಯಾ, ಪುಸ್ತಕದ್ದು” ಎಂದು ಅಣ್ಣ ಸೀಳಿದ ಮರವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಆ ಸಾಲನ್ನು “ಸ್ಕ್ರೂ ತಲೆ ಮರಕ್ಕೆ ಕೂತ ಮೇಲೆ ಇನ್ನೊಂದು ಕಾಲು ಸುತ್ತು, ಅಷ್ಟೇ” ಎಂದು ತಿದ್ದಿದೆ. ಆರು ವರ್ಷದಲ್ಲಿ ನನ್ನ ಬರವಣಿಗೆಯನ್ನು ಯಾರೂ ಹೀಗೆ ಓದಿರಲಿಲ್ಲ. ಆವತ್ತಿನಿಂದ ಪ್ರತಿ ಕರಡಿಗೂ ಜಯಕ್ಕನ ಪರೀಕ್ಷೆ, ನಮ್ಮಿಬ್ಬರ ಮೌನ. ಜಯಕ್ಕ ತಪ್ಪು ಮಾಡುವುದು ಕಣ್ಣಿಗೆ ಕಾಣುತ್ತಿದ್ದರೂ ಅಣ್ಣ ಬಾಯಿಗೆ ಬೀಡಿಯ ಬದಲು ಒಂದು ಬೆಂಕಿಕಡ್ಡಿ ಕಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಮೂರನೇ ಪುಟ, ಆರನೇ ಸಾಲು” ಎನ್ನುತ್ತಿದ್ದರು. ಬೈಯುತ್ತಿರಲಿಲ್ಲ.

ಸಂಗೀತ ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ಸಾರ್ ಒಮ್ಮೆ ಹೊಸ ಗಿಟಾರ್ ಜೋಡಿಸಿ, ಕಣ್ಣು ಮುಚ್ಚಿ, ಐದು ನಿಮಿಷ ಬಾರಿಸಿ, “ಹೆಂಗಿತ್ತಣ್ಣ?” ಎಂದರೆ, ಇವರು “ಗುಂಯ್ ಅಂತೈತೆ ಸಾರ್, ಎಲ್ಲೋ ಅರ್ಥ್ ಬಿಟ್ಟೋಗೈತೆ” ಎಂದರು. ಬಾರಿಸಿದ್ದನ್ನು ಅವರು ಕೇಳಿಯೇ ಇರಲಿಲ್ಲ. ಬಾರಿಸದೆ ಇದ್ದಾಗ ಬರುತ್ತಿದ್ದ ಸದ್ದನ್ನಷ್ಟೇ ಕೇಳಿದ್ದರು. ಬಿಚ್ಚಿ ನೋಡಿದರೆ ನಿಜವಾಗಿಯೂ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರು ಬಿಟ್ಟಿತ್ತು.

ಕರೆಂಟು ಹರಿಯುವ ಏನನ್ನಾದರೂ ಮುಟ್ಟುವ ಮುಂಚೆ ಅವರ ಎಡಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಗುತ್ತಿತ್ತು. ಪೊಲೀಸಿನವರು ಸೆಲ್ಯೂಟ್ ಹೊಡೆದ ಹಾಗೆ, ಯೋಚನೆಯೇ ಇಲ್ಲದೆ. ಒಮ್ಮೆ ಕೇಳಿದೆ. “ಒಂದ್ ಕೈ ಕೊಟ್ರೆ ಕೈ ಹೋಯ್ತದೆ. ಎರಡೂ ಕೊಟ್ರೆ ಎದೆ ಮೇಲೆ ಹಾದು ಹೋಯ್ತದೆ” ಎಂದರು. ಹಳೇ ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಕಲಿಸಿದವರು ಎಡಗೈಯನ್ನು ಬೆಲ್ಟಿಗೆ ಕಟ್ಟಿಹಾಕಿ ಕಲಿಸಿದ್ದರಂತೆ.

ಕೈಪಿಡಿಯಲ್ಲಿ ಒಂದು ಹಂತವಿದೆ. ಪಿಕಪ್ಪಿನ ಹಿಂದಿನಿಂದ ಒಂದು ವೈರನ್ನು ತಂದು, ತಂತಿಗಳೆಲ್ಲ ಬಂದು ಕೂರುವ ಲೋಹದ ಪಟ್ಟಿಗೆ ಸೇರಿಸಬೇಕು. ಸೇರಿಸಿದರೆ ಗುಂಯ್ ಎನ್ನುವ ಸದ್ದು ನಿಲ್ಲುತ್ತದೆ. ನಾನು ಅದನ್ನು ಎರಡು ಸಾಲಿನಲ್ಲಿ ಬರೆದಿದ್ದೆ. ಆ ಪುಟವನ್ನು ಹಿಡಿದು ಅಣ್ಣ ನನ್ನ ಮೇಜಿಗೆ ಬಂದರು.

“ಈ ವೈರು ಎಲ್ಲಿಗೋಯ್ತದೆ?”

“ತಂತಿಗೆ.”

“ತಂತಿ ಯಾರ್ ಮುಟ್ತಾರೆ?”

“ಬಾರಿಸೋರು.”

“ಆ ಕಡೆ ಕೊನೆ ಎಲ್ಲೈತೆ?”

“ಕೇಬಲ್ಲು, ಆಂಪ್ಲಿಫೈಯರ್... ಗೋಡೆ ಪ್ಲಗ್ಗು.”

“ಅಂದ್ರೆ ಇಲ್ಲಿ ಒಂದು ವೈರು ಬೆಸುಗೆ ಹಾಕಿ ನಾವು ಆ ಮನುಷ್ಯನ ಕೈನ ತಗೊಂಡೋಗಿ ಗೋಡೆ ಪ್ಲಗ್ಗಿಗೆ ಕಟ್ತಾ ಇದ್ದೀವಿ. ಪ್ಲಗ್ಗಲ್ಲಿ ಅರ್ಥ್ ಇದ್ರೆ ಸರಿ. ಇಲ್ದಿದ್ರೆ? ನಮ್ಮೂರಲ್ಲಿ, ಲಗ್ಗೆರೇಲಿ ಬಾಡ್ಗೆ ಮನೆಗಳಲ್ಲಿ ಎಷ್ಟ್ ಕಡೆ ಅರ್ಥ್ ಐತೆ ಅಂತ ಕೇಳಿ. ಕಟ್ಟೋದು ನಾವು, ಹೇಳೋದು ಬ್ಯಾಡ್ವಾ?”

ಆವತ್ತು ಮಧ್ಯಾಹ್ನ ಅವರು ಹೇಳಿದರು, ನಾನು ಬರೆದೆ. ಅದೊಂದೇ ಪುಟದಲ್ಲಿ ನನ್ನ ಮಾತು ಒಂದೂ ಇರಲಿಲ್ಲ. ಸ್ವಿಚ್ ಹಾಕುವ ಮುಂಚೆ ಎದ್ದು ಗೋಡೆಯ ಹತ್ತಿರ ಹೋಗಿ. ಆಂಪ್ಲಿಫೈಯರಿನ ಪ್ಲಗ್ ಕೈಯಲ್ಲಿ ಹಿಡಿದು ಅದರ ಹಿತ್ತಾಳೆ ಕಾಲು ಎಣಿಸಿ. ಎರಡೇ ಇದ್ದರೆ ಇವತ್ತು ಬಾರಿಸಬೇಡಿ. ಮೂರಿದ್ದರೂ ಗೋಡೆಯೊಳಗೆ ಅರ್ಥ್ ಇದೆ ಎಂದು ನಂಬಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ವೈರಿನಲ್ಲಿ ಟೇಪು ಸುತ್ತಿದ ಗಂಟು ಇದ್ದರೆ ಬೇಡ. ತಂತಿ ಮುಟ್ಟಿದಾಗ ಜುಮ್ ಎಂದರೆ ನಗಬೇಡಿ, ಆರಿಸಿ.

ಸಾರ್ ಆ ಪುಟ ನೋಡಿದ್ದು ಒಂದು ಶುಕ್ರವಾರ. ಹದಿಮೂರನೆಯದು ಅದು. “ನಾವು ಆಂಪ್ಲಿಫೈಯರ್ ಮಾರ್ತಾ ಇಲ್ಲಮ್ಮ. ಜನರ ಮನೆ ಪ್ಲಗ್ಗಿನ ಉಸಾಬರಿ ನಮಗ್ಯಾಕೆ? ಇದನ್ನ ತೆಗೀರಿ, ಆಮೇಲೆ ವೆಬ್‌ಸೈಟಲ್ಲಿ ಹಾಕೋಣ” ಎಂದರು. ನಾನು ವಾದ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪುಟ ತೆಗೆಯಲು ಎಷ್ಟು ಹೊತ್ತು ಬೇಕು? ತೆಗೆದೆ. ಸಂಜೆ ಹನ್ನೆರಡು ಪುಟದ ಪ್ರತಿಗಳು ಮುದ್ರಣವಾಗಿ ಬಂದವು. ಶನಿವಾರ ಇಡೀ ದಿನ ಅಣ್ಣನ ಪಕ್ಕದ ಮೇಜಿನಲ್ಲೇ ಕೂತು ಬೇರೆ ಕೆಲಸ ಮಾಡಿದೆ. ಹೇಳಲಿಲ್ಲ. ಹೇಳಿದರೆ ಅವರು ಸಾರ್ ಹತ್ತಿರ ಹೋಗುತ್ತಾರೆ, ಗಲಾಟೆಯಾಗುತ್ತದೆ, ಸೋಮವಾರ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ.

ಭಾನುವಾರ ಕೊನೆಯ ಪರೀಕ್ಷೆ ಜಯಕ್ಕನ ಮನೆಯಲ್ಲಿ ಎಂದು ಮೊದಲೇ ತೀರ್ಮಾನವಾಗಿತ್ತು. ಅದೂ ಅಣ್ಣನದೇ ಹಟ: “ಇಲ್ಲಿ ಮೇಜೈತೆ, ಟ್ಯೂಬ್‌ಲೈಟೈತೆ. ಕೊಂಡೋರು ಚಾಪೆ ಮೇಲೆ ಕೂತು ಕಟ್ತಾರೆ.” ಲಗ್ಗೆರೆಯಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಅಡುಗೆಮನೆ. ಬಾಗಿಲಿಗೆ ಕಬ್ಬಿಣದ ಗ್ರಿಲ್ ಗೇಟು, ಹೊರಗೆ ಓಡಾಡುವ ಜಾಗ. ನಾವು ಬರುತ್ತೇವೆಂದು ಜಯಕ್ಕ ಬೆಳಿಗ್ಗೆಯಿಂದ ನೆಲ ತೊಳೆದಿದ್ದರು. ಕೆಳಗಿನ ಮನೆಯ ಆರ್ಕೆಸ್ಟ್ರಾದವರ ಹಳೇ ಆಂಪ್ಲಿಫೈಯರನ್ನು ಕೇಳಿ ತಂದಿಟ್ಟಿದ್ದರು.

ಒಳಗೆ ಬಂದ ಕೂಡಲೇ ಅಣ್ಣನ ಕಣ್ಣು ಅದರ ವೈರಿನ ಮೇಲೆ ಹೋಯಿತು. ಎರಡು ಕಾಲಿನ ಪ್ಲಗ್ಗು. ನಡುವೆ ಕಪ್ಪು ಟೇಪಿನ ಗಂಟು. ಅವರು ನನ್ನ ಕಿವಿಯ ಹತ್ತಿರ ಬಾಗಿ, ಪರೀಕ್ಷೆಯ ಹಾಲಿನ ಹೊರಗೆ ನಿಂತ ತಂದೆಯ ಹಾಗೆ, “ನಮ್ ಪುಟಕ್ಕೆ ಇವತ್ತು ಪರೀಕ್ಸೆ ಐತೆ. ನೋಡ್ತಾ ಇರಿ, ಜಯಾ ಇದನ್ನ ಹಿಡಿದು ಎಣಿಸಿ ಪಕ್ಕಕ್ಕಿಡ್ತಾಳೆ” ಎಂದರು.

ಆಗಲೂ ನಾನು ಹೇಳಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಲೆಯೊಳಗೆ ತಿರುಗುವುದು ಈ ಜಾಗ. ಜಯಕ್ಕ ಚಹಾ ಸೋಸುತ್ತಿದ್ದರು. ಮುಂದೆ ಎರಡು ಗಂಟೆಯಿತ್ತು. ಯಾವ ನಿಮಿಷದಲ್ಲಿ ಬೇಕಾದರೂ ಹೇಳಬಹುದಿತ್ತು. ಕೊನೆಯಲ್ಲಿ ಪ್ಲಗ್ ಹಾಕುವ ಮುಂಚೆ ಏನಾದರೂ ನೆಪ ಹೇಳಿ ನಿಲ್ಲಿಸಿದರಾಯಿತು ಎಂದುಕೊಂಡೆ.

ಜಯಕ್ಕ ಅದ್ಭುತವಾಗಿ ಕಟ್ಟಿದರು. ಕತ್ತು ಕೂರಿಸಿದರು, ಸ್ಕ್ರೂಗಳನ್ನು ಕಾಲು ಸುತ್ತಿನಲ್ಲೇ ನಿಲ್ಲಿಸಿದರು, ಬೆಸುಗೆ ಹಾಕಿದರು, ತಂತಿ ಏರಿಸಿದರು. ನಾನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ತೆಗೆಯುತ್ತ, ಒಂದು ವಾಕ್ಯವನ್ನೂ ತಪ್ಪಾಗಿ ತಿಳಿಯದೆ ಅವರು ಮುಂದೆ ಹೋಗುವುದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆಯಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಅಣ್ಣ ಬೆಂಕಿಕಡ್ಡಿ ಕಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಕೊನೆಯ ಪುಟ ತಿರುವಿದಾಗ ಅವರು ಸ್ವಲ್ಪ ಮುಂದೆ ಬಾಗಿದರು. ಆ ಪುಟಕ್ಕಾಗಿ ಕಾಯುತ್ತಿದ್ದರು.

ಜಯಕ್ಕ ಗಟ್ಟಿಯಾಗಿ ಓದಿದರು: “ಆಂಪ್ಲಿಫೈಯರಿಗೆ ಸೇರಿಸಿ. ಸ್ವಿಚ್ ಹಾಕಿ. ಒಂದೊಂದೇ ತಂತಿ ಮೀಟಿ.” ಅಣ್ಣ ಪುಟ ಎಲ್ಲಿ ಎಂದು ನನ್ನ ಕಡೆ ತಿರುಗುವಷ್ಟರಲ್ಲಿ ಕೇಬಲ್ ಚುಚ್ಚಿ, ಪ್ಲಗ್ ಸಿಕ್ಕಿಸಿ, ಕೂತಲ್ಲಿಂದಲೇ ಕೈ ಚಾಚಿ ಬಾಗಿಲ ಪಕ್ಕದ ಸ್ವಿಚ್ ಹಾಕಿದರು. ತಂತಿ ಮುಟ್ಟಿದರು.

“ಅಯ್ಯ, ಜುಮ್ ಅಂತು!” ಎಂದು ನಕ್ಕರು.

ನಾನೂ ನಕ್ಕೆ. ಗಿಟಾರ್ ಕೂಗಿತ್ತು, ಎಲ್ಲರಿಗೂ ಖುಷಿ. “ಅಕ್ಕ, ಬಾಗಿಲ ಹತ್ರ ಬೆಳಕಿದೆ, ಎದ್ದು ನಿಂತ್ಕೊಳ್ಳಿ, ಒಂದು ಫೋಟೋ” ಎಂದೆ.

“ಏನಂದೆ ಜಯಾ? ಏನಂತು?” ಎಂದು ಅಣ್ಣ ಎದ್ದರು. ಅಷ್ಟರಲ್ಲಿ ಜಯಕ್ಕ ಬರಿಗಾಲಿನಲ್ಲಿ ಚಾಪೆ ಇಳಿದು, ಇನ್ನೂ ತೇವ ಆರದ ನೆಲದ ಮೇಲೆ ಎರಡು ಹೆಜ್ಜೆ ಹಾಕಿ, ಬಲಗೈಯಲ್ಲಿ ಗಿಟಾರಿನ ಕತ್ತು ಹಿಡಿದು, ಎಡಗೈಯಲ್ಲಿ ಗ್ರಿಲ್ ಗೇಟು ಹಿಡಿದರು.

ಅವರು ಕೂಗಲಿಲ್ಲ. ಎಲ್ಲರೂ ಕೇಳುತ್ತಾರೆ, ಕೂಗಿದರಾ ಎಂದು. ಇಲ್ಲ. ಮುಖದ ಮೇಲೆ ಫೋಟೋಕ್ಕೆ ತಂದುಕೊಂಡ ನಗು ಹಾಗೆಯೇ ಇತ್ತು, ಮೈ ಬಿಲ್ಲಿನಂತೆ ಸೆಟೆದಿತ್ತು, ಎರಡೂ ಕೈ ಬಿಡುತ್ತಿರಲಿಲ್ಲ. ನನಗೆ ಮೂರು ನಾಲ್ಕು ಸೆಕೆಂಡು ಏನೂ ಅರ್ಥವಾಗಲಿಲ್ಲ. ನನ್ನ ಹೆಬ್ಬೆರಳು ಫೋಟೋದ ಗುಂಡಿ ಒತ್ತಿತು. ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಲು ಆಗಿಲ್ಲ, ನೋಡಲೂ ಆಗಿಲ್ಲ.

ಸ್ವಿಚ್ ಬೋರ್ಡು ಜಯಕ್ಕನ ಹಿಂದಿತ್ತು. ಅಲ್ಲಿಗೆ ಹೋಗಬೇಕಾದರೆ ಅವರನ್ನು ತಾಗದೆ ದಾರಿಯಿಲ್ಲ. ಅಣ್ಣ ಒಂದೇ ಹೆಜ್ಜೆ ಹಾಕಿ ಬಗ್ಗಿ ಆಂಪ್ಲಿಫೈಯರಿನ ವೈರನ್ನು ಬಲಗೈಯಲ್ಲಿ ಹಿಡಿದು ಎಳೆದರು. ಅವರ ಎಡಗೈ ಜೇಬಿನಲ್ಲಿತ್ತು. ಇದನ್ನು ನಾನು ಕಂಡೆ, ಯಾರು ಬೇಕಾದರೂ ಕೇಳಲಿ. ಅಂಥ ಹೊತ್ತಿನಲ್ಲೂ ಆ ಕೈ ಜೇಬಿಗೆ ಹೋಗಿತ್ತು. ಪ್ಲಗ್ಗು ಕಳಚಲಿಲ್ಲ, ಟೇಪಿನ ಗಂಟು ಕಳಚಿತು. ಬಿಚ್ಚಿಕೊಂಡ ಎರಡು ಬರಿ ತಂತಿಗಳು ಅವರ ಹೆಬ್ಬೆರಳು ತೋರುಬೆರಳಿನ ನಡುವೆ ಒಂದಕ್ಕೊಂದು ತಾಗಿದವು. ನೀಲಿ ಬೆಳಕು, ಫಟ್ ಎಂಬ ಸದ್ದು, ಸುಟ್ಟ ವಾಸನೆ. ಮನೆಯ ಫ್ಯೂಸು ಹೋಯಿತು. ಜಯಕ್ಕ ಗಿಟಾರಿನ ಸಮೇತ ನೆಲಕ್ಕೆ ಬಿದ್ದರು.

ಬದುಕಿದರು. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವರು ನಡುವೆ ಕಣ್ಣು ಬಿಟ್ಟು, “ಒಲೆ ಆರ್ಸಿದ್ನಾ ಮೇಡಂ?” ಎಂದರು. ಎದೆಬಡಿತ ನೋಡಬೇಕೆಂದು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ಅಣ್ಣನ ಕೈಗೆ ದಪ್ಪ ಬ್ಯಾಂಡೇಜು.

ಸಂಜೆ ಜಯಕ್ಕ ನಿದ್ದೆ ಹೋದ ಮೇಲೆ ನಾವಿಬ್ಬರೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು.

“ಆ ಪುಟ ಎಲ್ಲೋಯ್ತು ತಾಯಿ?”

“ನಾನೇ ತೆಗ್ದೆ ಅಣ್ಣ. ಸಾರ್ ಹೇಳಿದ್ರು.”

“ಯಾವಾಗ?”

“ಶುಕ್ರವಾರ.”

ಅವರು ಎಡಗೈ ಬೆರಳು ಮಡಿಸಿ ಲೆಕ್ಕ ಹಾಕಿದರು. “ಶನಿವಾರ ನನ್ ಪಕ್ಕದಲ್ಲೇ ಕೂತಿದ್ದೆಯಲ್ಲ” ಎಂದರು. ಅಷ್ಟೇ. ಅದುವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಮನುಷ್ಯ. ಮೇಡಮ್ಮೋರೆ ಎಂದು ಮತ್ತೆ ಕರೆಯಲಿಲ್ಲ. ಆ ರಾತ್ರಿಯಿಡೀ ವಾರ್ಡಿನ ಹೊರಗೇ ಗೋಡೆ ನೋಡುತ್ತ ಕೂತಿದ್ದರೆಂದು ಅವರ ಹೆಂಡತಿ ಆಮೇಲೆ ಹೇಳಿದರು. ಬೆಳಿಗ್ಗೆ ನಾನು ಇಡ್ಲಿ ತೆಗೆದುಕೊಂಡು ಹೋದಾಗ ಕೇಳಿದ ಮೊದಲ ಮಾತು: “ಪೆನ್ ತಂದಿದ್ದೀಯಾ?”

ಅದೇ ಪುಟವನ್ನು ಮತ್ತೆ ಹೇಳಿದರು. ಒಂದು ಮಾತೂ ಬದಲಾಗಿರಲಿಲ್ಲ. ಕೊನೆಯಲ್ಲಿ ಒಂದು ಸಾಲು ಮಾತ್ರ ಸೇರಿತು: “ಒಂದು ಕೈಯಲ್ಲಿ ಗಿಟಾರ್ ಹಿಡಿದಿರುವಾಗ ಇನ್ನೊಂದು ಕೈಯಲ್ಲಿ ಕಬ್ಬಿಣ, ನಲ್ಲಿ, ಗೋಡೆ ಮುಟ್ಟಬೇಡಿ.”

ಸಾರ್ ಆಸ್ಪತ್ರೆಗೆ ಬಂದು ಇಬ್ಬರ ಮುಂದೆಯೂ ಅತ್ತರು. ಸುಳ್ಳು ಅಳುವಲ್ಲ. ಆದರೆ ಹದಿನೈದು ದಿನ ಕಳೆದ ಮೇಲೆ ಅವರಿಗೆ ಮತ್ತೆ ಅನುಮಾನ ಬಂತು. ಡಬ್ಬಿ ತೆರೆದವರಿಗೆ ಮೊದಲೇ ಹೆದರಿಸಿದರೆ ಯಾರು ಗಿಟಾರ್ ಕಟ್ಟುತ್ತಾರೆ? ಕೊನೆಯ ಪುಟದ ಅಡಿಯಲ್ಲಿ ನಾಲ್ಕು ಸಾಲು ಸಣ್ಣ ಅಕ್ಷರದಲ್ಲಿ ಹಾಕೋಣ ಎಂದರು. ಅಣ್ಣ ಕೇಳಿದ್ದು ಬೇರೆ. ಪುಟ ಕೈಪಿಡಿಯೊಳಗೆ ಇರುವುದೇ ಬೇಡ. ಬೇರೆ ಹಾಳೆಯಾಗಿ ಮುದ್ರಿಸಿ, ಗಿಟಾರಿನ ತಂತಿಯ ಸುರುಳಿಗೆ ಸುತ್ತಿ ಅಂಟಿಸಬೇಕು. ತಂತಿ ಬೇಕಾದವರು ಆ ಹಾಳೆಯನ್ನು ಬಿಚ್ಚಲೇಬೇಕು.

“ಅಷ್ಟೊಂದು ಯಾಕಣ್ಣ?” ಎಂದರು ಸಾರ್.

ಉತ್ತರ ಬಂದದ್ದು ಪ್ಯಾಕಿಂಗ್ ಮೇಜಿನಿಂದ. ಆವತ್ತಷ್ಟೇ ಕೆಲಸಕ್ಕೆ ಮರಳಿದ್ದ ಜಯಕ್ಕ ಟೇಪಿನ ಉರುಳೆಯನ್ನು ಮೇಜಿನ ಮೇಲಿಟ್ಟು, “ಆ ಹಾಳೆ ಇಲ್ದೇ ನಾನು ಡಬ್ಬಿ ಮುಚ್ಚಲ್ಲ ಸಾರ್” ಎಂದರು. ದನಿ ಏರಿಸಲಿಲ್ಲ. “ಬೇರೆಯವ್ರನ್ನ ಕರ್ಕೊಂಡ್ಬಂದು ಮುಚ್ಚಿಸ್ಕೊಳ್ಳಿ. ನಾನು ಓದ್ದಂಗೇ ಮಾಡ್ದೋಳು. ಅದ್ರಲ್ಲಿ ಬರ್ದಿದ್ರೆ ನಾನ್ ಎಣಿಸ್ತಿದ್ದೆ.”

ಮರುದಿನ ಹಾಳೆಗಳು ಮುದ್ರಣವಾಗಿ ಬಂದವು. ತಂತಿಯ ಸುರುಳಿಗೆ ಸುತ್ತುವುದು ಹೇಗೆಂದು ಅಣ್ಣ ಜಯಕ್ಕನಿಗೆ ಎಡಗೈಯಲ್ಲಿ ತೋರಿಸಿಕೊಟ್ಟರು.

ಬ್ಯಾಂಡೇಜು ಬಿಚ್ಚಿದ ಮೇಲೆ ಅವರು ಯಂತ್ರದ ಮುಂದೆ ಕೂತರು. ಎರಡು ಬೆರಳ ತುದಿಯಲ್ಲೂ ಹೊಳೆಯುವ, ದಪ್ಪನೆಯ ಹೊಸ ಚರ್ಮ. ಎಣ್ಣೆ ಹಚ್ಚಿ ಒರೆಸಿಕೊಂಡರು. ತಂತಿ ಹಿಡಿದರು. ಹರಿಯಿತು. ಮತ್ತೆ ಹಿಡಿದರು, ಮತ್ತೆ ಹರಿಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಪಿಕಪ್ಪೂ ಮುಗಿಯಲಿಲ್ಲ. “ಕೈಲಿ ಐತೋ ಇಲ್ವೋ ಅನ್ನೋದೇ ತಿಳೀತಿಲ್ಲ” ಎಂದು ನನಗಲ್ಲ, ಯಂತ್ರಕ್ಕೆ ಹೇಳಿದರು. ಹೀಗೆ ಎರಡು ವಾರ. ಕೆಲಸ ಬಿಡಿ ಎಂದು ಯಾರೂ ಅನ್ನಲಿಲ್ಲ. ಪ್ಯಾಕಿಂಗಿಗೆ ಬನ್ನಿ, ಮೇಲ್ವಿಚಾರಣೆ ಮಾಡಿ ಎಂದು ಸಾರ್ ಕೇಳಿಕೊಂಡರು.

ಒಂದು ಗುರುವಾರ ಊಟದ ಹೊತ್ತಿಗೆ ಅವರು ಡಬ್ಬಿ ತೆರೆದು, ಚಮಚವನ್ನು ಪಕ್ಕಕ್ಕಿಟ್ಟು, ಬಲಗೈಯಲ್ಲಿ ಮುದ್ದೆ ಮುರಿದರು. ಜಯಕ್ಕ ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದರು. ಅಣ್ಣ ನಿಧಾನವಾಗಿ, ರುಚಿಯಾಗಿ, ಪೂರ್ತಿ ಊಟ ಮಾಡಿ ಕೈ ತೊಳೆದರು. ಮರುದಿನದಿಂದ ಬರಲಿಲ್ಲ.

ಅವರು ಬಿಟ್ಟು ಎರಡು ತಿಂಗಳಾಯಿತು. ನಾನು ಎರಡು ಸಲ ಮಾಕಳಿಗೆ ಹೋಗಿ ಬಂದೆ. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು, ರಸ್ತೆಯ ಲಾರಿಗಳನ್ನು ನೋಡುತ್ತ ಕೂತರು. ಕ್ಷಮಿಸಿ ಎಂದು ಹೇಳಲು ಹೋದಾಗಲೆಲ್ಲ “ಕಾಫಿ ಆರೋಯ್ತದೆ” ಎಂದರು.

ಕಳೆದ ವಾರ ಕಾರ್ಖಾನೆಗೆ ಕಿಟ್ ಕೊಂಡವರೊಬ್ಬರ ಫೋನ್ ಬಂತು. ವೈಟ್‌ಫೀಲ್ಡಿನ ಐಟಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರಂತೆ, ಕಾಡುಗೋಡಿಯಲ್ಲಿ ಬಾಡಿಗೆ ಮನೆ. “ಮೇಡಂ, ಗಿಟಾರೆಲ್ಲ ಕಟ್ಟಿ ಮುಗಿಸ್ದೆ. ತಂತಿ ಬಿಚ್ಚಕ್ಕೆ ಹೋದ್ರೆ ಆ ಹಾಳೆ ಸಿಕ್ತು. ಎಣಿಸ್ದೆ. ನಮ್ ಗೋಡೇಲಿ ಇರೋದೇ ಎರಡು ತೂತು. ಓನರ್‌ನ ಕೇಳಿದ್ರೆ, ಗಿಟಾರ್ ಬಾರ್ಸೋರಿಗೆ ಅಂತ ಮನೆ ಕಟ್ಟಿಲ್ಲ ಅಂತಾರೆ. ತಂತಿ ಹಾಕ್ದೇ ಹಂಗೇ ಮೊಳೆಗೆ ನೇತಾಕಿದೀನಿ. ಇವಾಗೇನ್ ಮಾಡ್ಲಿ?”

ಕೇಳಿ ಹೇಳುತ್ತೇನೆ ಎಂದು ಅವರ ನಂಬರ್ ಬರೆದುಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ.

“ಎಣಿಸಿದ್ನಂತಾ?” ಎಂದರು.

“ಎಣಿಸಿದ್ರಂತೆ ಅಣ್ಣ.”

“ಬಾರ್ಸಿಲ್ಲ?”

“ಇಲ್ಲ. ಗೋಡೆಗೆ ನೇತಾಕಿದಾರಂತೆ.”

ಆ ಕಡೆ ಒಂದು ಲಾರಿ ಹೋಯಿತು. ಆಮೇಲೆ ಅವರ ದನಿ ಹತ್ತಿರ ಬಂತು, ಮೊಬೈಲನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಿರಬೇಕು. “ಓನರ್ ಹತ್ರ ನಾನ್ ಮಾತಾಡ್ತೀನಿ. ನಮ್ಮೂರ್ ತುಂಬಾ ಓನರ್‌ಗಳೇ, ಅವ್ರ ಹತ್ರ ಹೆಂಗ್ ಮಾತಾಡ್ಬೇಕು ಅಂತ ನಂಗೊತ್ತು. ಮನೆ ಪಕ್ಕ ಎರಡಡಿ ಮಣ್ಣಿನ ಜಾಗ ಇದ್ರೆ ಸಾಕು. ಗುಂಡಿ ತೋಡಿ ಪೈಪು ಇಳಿಸಿ ಅರ್ಥ್ ಕೊಡಕ್ಕೆ ಬೆರಳ ತುದಿ ಬ್ಯಾಡ ಕಣಮ್ಮ, ತೋಳಿದ್ರೆ ಆಯ್ತು. ಭಾನುವಾರ ಬೆಳಿಗ್ಗೆ ಮೆಟ್ರೋ ಹತ್ತಿ ಬರ್ತೀನಿ. ನೀನೂ ಬಾ, ಗುಂಡಿ ಹೆಂಗ್ ತೋಡೋದು ಅಂತ ಬರ್ಕೊಳ್ಳುವಂತೆ, ಆ ಹಾಳೆ ಹಿಂದ್ಗಡೆ ಖಾಲಿ ಐತಲ್ಲ. ಪೈಪಿನ ಸುತ್ತ ಉಪ್ಪು, ಇದ್ದಿಲು ಹಾಕ್ಬೇಕು. ಉಪ್ಪು ನಾನೇ ತರ್ತೀನಿ. ಇದ್ದಿಲು ಆ ಕಡೆ ಎಲ್ಲಿ ಸಿಕ್ತದೆ, ಆ ಅಡುಗೆಯವ್ರನ್ನ ಫೋನ್ ಮಾಡಿ ಕೇಳು.”